ಕೆಳಸೇತುವೆಯ ಮುಂದೆ ನಿಲ್ಲುವ ವಿವೇಕ

2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ ನಿಂತಿದ್ದ ಮಳೆನೀರಿಗೆ ಕಾರೊಂದು ಸಿಲುಕಿ, ಯುವತಿಯೊಬ್ಬರು ಪ್ರಾಣ ಕಳೆದುಕೊಂಡರು. ಅದನ್ನು ಪ್ರಕೃತಿಯ ಮುನಿಸೆಂದು ಬದಿಗೆ ಸರಿಸುವಂತಿಲ್ಲ. ಮಳೆ ಬಂದಾಗ ನೀರು ತುಂಬುವ ತಾಣಗಳು ಆಡಳಿತಕ್ಕೆ ಅಪರಿಚಿತವಲ್ಲ. ನಿತ್ಯ ಅಲ್ಲಿ ಸಂಚರಿಸುವ ನಮಗೂ ಅಲ್ಲ.

ಕಾನೂನು ಚಾಲಕನಿಂದ ಅಪೇಕ್ಷಿಸುವುದು ಅಸಾಧ್ಯವಾದುದನ್ನೇನೂ ಅಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಟೈರಿನ ಗೀರುಗಳ ಆಳ ಕಾರಿನಲ್ಲಿ 1.6 ಮಿಲಿಮೀಟರ್, ದ್ವಿಚಕ್ರ ವಾಹನದಲ್ಲಿ 0.8 ಮಿಲಿಮೀಟರ್‌ಗಿಂತ ಕಡಿಮೆ ಇರಕೂಡದು. ಸವೆದ ಟೈರು ನೀರನ್ನು ಹೊರದೂಡಲಾರದು, ವಾಹನ ಜಾರುತ್ತದೆ. ವೇಗ ಇಮ್ಮಡಿಯಾದರೆ, ಬ್ರೇಕ್ ಹಾಕಿದ ಬಳಿಕ ವಾಹನ ಕ್ರಮಿಸುವ ದೂರ ನಾಲ್ಮಡಿಯಾಗುತ್ತದೆ. ಒದ್ದೆ ರಸ್ತೆಯಲ್ಲಿ ಅದು ಇನ್ನೂ ಹಿಗ್ಗುತ್ತದೆ. ಫಲಕದಲ್ಲಿ ಬರೆದ ವೇಗವು ಗರಿಷ್ಠ ಮಿತಿಯೇ ಹೊರತು ಮಳೆಯಲ್ಲೂ ಮುಟ್ಟಲೇಬೇಕಾದ ಗುರಿಯಲ್ಲ. ಒಂದಡಿ ಆಳದಲ್ಲಿ ಹರಿಯುವ ನೀರು ಸಣ್ಣ ಕಾರನ್ನು ತೇಲಿಸಬಲ್ಲದು.

ಆದರೆ ಹೊಣೆ ಚಾಲಕನೊಬ್ಬನದೇ ಅಲ್ಲ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಸೇರಿದ 198ಎ ಕಲಮಿನಂತೆ, ರಸ್ತೆಯ ವಿನ್ಯಾಸ, ನಿರ್ಮಾಣ ಅಥವಾ ನಿರ್ವಹಣೆಯ ಲೋಪದಿಂದ ಸಾವು ಇಲ್ಲವೇ ಅಂಗವೈಕಲ್ಯ ಸಂಭವಿಸಿದರೆ ಹೊಣೆಗಾರ ಪ್ರಾಧಿಕಾರ ಹಾಗೂ ಗುತ್ತಿಗೆದಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಜೀವಹಾನಿಯ ಮುಂದೆ ಇದು ಅಲ್ಪ ಮೊತ್ತ. ಆದರೂ ಹೊಣೆಗಾರಿಕೆಯ ತತ್ವವನ್ನು ಕಾನೂನು ಒಪ್ಪಿಕೊಂಡಿದೆಯೆಂಬುದು ಮುಖ್ಯ. ಅದು ಪುಸ್ತಕದಲ್ಲೇ ಉಳಿಯಬಾರದು.

ನೀರು ಏರುವ ಮುನ್ನವೇ ಕೆಳಸೇತುವೆಯನ್ನು ಮುಚ್ಚುವುದು ಆಡಳಿತದ ಕರ್ತವ್ಯ. ಮುಚ್ಚದಿದ್ದರೂ, ಆಳ ತಿಳಿಯದ ನೀರಿಗೆ ಇಳಿಯದಿರುವುದು ನಮ್ಮ ಕರ್ತವ್ಯ. ಅರ್ಧ ಗಂಟೆಯ ವಿಳಂಬಕ್ಕೂ ಬೆಲೆಯಿದೆ, ನಿಜ. ಆದರೆ ಆ ಬೆಲೆಯನ್ನು ನಾವು ತೆರಬಲ್ಲೆವು.