ಇಲಿ ಬಿದ್ದ ಮನೆ

ಪ್ಲೇಗು ಹಬ್ಬಿದ್ದ ಕಾಲದಲ್ಲಿ ಕನ್ನಡನಾಡಿನ ಜನರನ್ನು ನಡುಗಿಸುತ್ತಿದ್ದ ಮಾತೊಂದಿತ್ತು: “ಇಲಿ ಬಿದ್ದಿತು.” ಅಟ್ಟದಿಂದಲೋ ಬಿಲದಿಂದಲೋ ಹೊರಬಂದ ಇಲಿಯು ಸತ್ತು ಬಿದ್ದೊಡನೆ ಜನರು ಮನೆಗೆ ಬೀಗವಿಕ್ಕಿ, ಊರಹೊರಗೆ ಗುಡಿಸಲು ಹಾಕಿಕೊಳ್ಳುತ್ತಿದ್ದರು. 1898ರಲ್ಲಿ ಬೆಂಗಳೂರನ್ನು ಈ ಮಾರಿಯು ಬರಿದುಮಾಡಿತು. ಊರು ಬಿಟ್ಟವರ ನಡತೆ ಕೇವಲ ಭೀತಿಯಲ್ಲ, ವಿವೇಕವೂ ಹೌದೆಂಬುದನ್ನು ಶಾಸ್ತ್ರವು ಆಮೇಲೆ ತೋರಿಸಿಕೊಟ್ಟಿತು.

ರೋಗಾಣುವನ್ನು 1894ರಲ್ಲಿ ಯೆರ್ಸಿನ್ ಎಂಬ ವೈದ್ಯನು ಹಾಂಗ್‌ಕಾಂಗಿನಲ್ಲಿ ಕಂಡುಹಿಡಿದನು. ಅದನ್ನು ಇಲಿಯಿಂದ ಇಲಿಗೂ ಮನುಷ್ಯನಿಗೂ ಒಯ್ಯುವುದು ಚಿಗಟವೆಂಬುದನ್ನು 1898ರಲ್ಲಿ ಸಿಮೊಂಡ್ ಎಂಬಾತನು ಕರಾಚಿಯಲ್ಲಿ ತೋರಿಸಿದನು. ಇಲಿಯು ಸತ್ತು ಮೈ ತಣ್ಣಗಾದೊಡನೆ ಚಿಗಟಗಳು ಅದನ್ನು ಬಿಟ್ಟು ಬೇರೆ ಬಿಸಿರಕ್ತವನ್ನು ಅರಸುತ್ತವೆ. ಹತ್ತಿರದಲ್ಲಿ ಇಲಿಗಳೇ ಉಳಿದಿರದಿದ್ದರೆ, ನೆಲದ ಮೇಲೆ ಮಲಗಿದ ಮಗುವೇ ಅವುಗಳಿಗೆ ಆಹಾರ.

ಆದುದರಿಂದ ವಾಚಕರು ಒಂದು ಮಾತನ್ನು ಮನಸ್ಸಿನಲ್ಲಿಡತಕ್ಕದ್ದು: ರೋಗದ ಶಂಕೆಯಿರುವಲ್ಲಿ ಮೊದಲು ಚಿಗಟ, ಆಮೇಲೆ ಇಲಿ. ಗಾಬರಿಯಿಂದ ಪಾಷಾಣವಿಟ್ಟು ಇಲಿಗಳನ್ನೆಲ್ಲ ಒಮ್ಮೆಗೇ ಕೊಂದರೆ ಅವುಗಳ ಚಿಗಟಗಳನ್ನು ನಾವೇ ಮನೆಯವರ ಮೇಲೆ ಬಿಟ್ಟಂತಾಗುವುದು. ಬಿಲಗಳಿಗೂ ಇಲಿಗಳು ಓಡಾಡುವ ದಾರಿಗಳಿಗೂ ಆರೋಗ್ಯ ಇಲಾಖೆಯವರು ಕೀಟನಾಶಕದ ಪುಡಿಯನ್ನು ಹಾಕಿ ಚಿಗಟಗಳನ್ನು ಅಳಿಸಿದ ಬಳಿಕವೇ ಇಲಿಗಳ ನಾಶಕ್ಕೆ ತೊಡಗಬೇಕು.

ಶಂಕೆ ಯಾವಾಗ? ವಿಷವಿಡದ ಮನೆಯಲ್ಲಿ ನಾಲ್ಕಾರು ದಿನಗಳೊಳಗೆ ಹಲವು ಇಲಿಗಳು ಸತ್ತರೆ; ಹಾಡುಹಗಲಿನಲ್ಲಿ ಇಲಿಯು ಅಂಜಿಕೆಯಿಲ್ಲದೆ ಬಯಲಿಗೆ ಬಂದು ತೂರಾಡಿದರೆ. ಅಂತಹ ಇಲಿಯನ್ನು ಬರಿಗೈಯಿಂದ ಮುಟ್ಟಕೂಡದು. ಮಕ್ಕಳನ್ನೂ ಬೆಕ್ಕುನಾಯಿಗಳನ್ನೂ ದೂರವಿರಿಸಿ, ಸಮೀಪದ ಸರಕಾರಿ ಆಸ್ಪತ್ರೆಗೆ ತಿಳಿಸಬೇಕು. ಮನೆಯವರಲ್ಲಿ ಯಾರಿಗಾದರೂ ಜ್ವರ ಬಂದು, ತೊಡೆಯ ಸಂದಿನಲ್ಲಾಗಲಿ ಕಂಕುಳಲ್ಲಾಗಲಿ ನೋವಿನ ಗಡ್ಡೆ ಎದ್ದರೆ ತತ್‌ಕ್ಷಣವೇ ಆಸ್ಪತ್ರೆಗೆ ಒಯ್ಯತಕ್ಕದ್ದು. ಇಂದು ಸ್ಟ್ರೆಪ್ಟೊಮೈಸಿನ್ ಮುಂತಾದ ಔಷಧಗಳಿವೆ. ಆದರೆ ತಡಮಾಡಿದವರಿಗೆ ಅವು ದಕ್ಕುವುದು ಕಷ್ಟ.

ಇದು ಮುಗಿದ ಕಥೆಯಲ್ಲವೇ ಎಂದು ಕೆಲವರು ಕೇಳಬಹುದು. 1966ರಲ್ಲಿ ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ ಕಾಣಿಸಿಕೊಂಡ ಬಳಿಕ ಪ್ಲೇಗು ನಮ್ಮ ದೇಶವನ್ನೇ ಬಿಟ್ಟಿತೆಂದು ಜನರು ನೆಮ್ಮದಿಯಿಂದಿದ್ದರು. ಇಪ್ಪತ್ತೆಂಟು ವರ್ಷಗಳ ಮೇಲೆ, 1994ರಲ್ಲಿ, ಬೀಡ್ ಮತ್ತು ಸೂರತ್‌ಗಳಲ್ಲಿ ಅದರ ಹೆಸರು ಮತ್ತೆ ಕೇಳಿಬಂದಿತು. ಬಯಲಿನ ಇಲಿಗಳ ಬಿಲಗಳಲ್ಲಿ ರೋಗಾಣುವು ಸದ್ದಿಲ್ಲದೆ ಬಹುಕಾಲ ಉಳಿಯಬಲ್ಲದು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ನಮ್ಮ ಸೀಮೆಯು ಜೋಳ, ಮೆಕ್ಕೆಜೋಳ, ಶೇಂಗಾ ಬೆಳೆಯುವ ನಾಡು. ಸುಗ್ಗಿಯಾದೊಡನೆ ಕಾಳು ಮನೆಗೆ ಬರುತ್ತದೆ. ಕಾಳಿನ ಹಿಂದೆ ಇಲಿಯೂ ಬರುತ್ತದೆ. ಹೆದರಿಸುವುದು ನಮ್ಮ ಉದ್ದೇಶವಲ್ಲ. ಚೀಲಗಳನ್ನು ಗೋಡೆಯಿಂದ ದೂರವಾಗಿ ಹಲಗೆಯ ಮೇಲಿರಿಸುವುದು, ಬಿಲಗಳನ್ನು ಕಲ್ಲು ಗಾರೆಗಳಿಂದ ಮುಚ್ಚುವುದು, ಎಂಜಲನ್ನು ರಾತ್ರಿ ಉಳಿಸದಿರುವುದು—ರೋಗವಿಲ್ಲದ ದಿನಗಳಲ್ಲಿಯೇ ಆಗಬೇಕಾದ ಕೆಲಸಗಳಿವು. ಮನೆಯ ಯಜಮಾನರು ಈ ಸುಗ್ಗಿಯಲ್ಲಿಯೇ ಅವನ್ನು ಆರಂಭಿಸುವರೆಂದು ನಂಬಿದ್ದೇವೆ.