ಬಸರಾಕ್ಕೆ ಹೋದವರ ಹೆಸರು

ಪುಣೆಯ ಖಡಕಿಯಲ್ಲಿರುವ ಯುದ್ಧ ಸಮಾಧಿಸ್ಥಳವನ್ನು ನಮ್ಮಲ್ಲಿ ಹಲವರು ನೋಡಿರಬಹುದು. ಎರಡನೆಯ ಮಹಾಯುದ್ಧದಲ್ಲಿ ಮಡಿದ 1600ಕ್ಕೂ ಹೆಚ್ಚು ಮಂದಿಯ ಸಮಾಧಿಗಳು ಅಲ್ಲಿ ಸಾಲುಸಾಲಾಗಿವೆ. ದೂರದೇಶದಿಂದ ಬಂದು ಇಲ್ಲಿ ಮಣ್ಣಾದ ತರುಣರ ಹೆಸರು, ಪಡೆ, ಸತ್ತ ದಿನ ಎಲ್ಲವೂ ಕಲ್ಲಿನ ಮೇಲೆ ಸ್ಪಷ್ಟವಾಗಿವೆ. ಆ ಸಾಲುಗಳ ನಡುವೆ ನಿಂತಾಗಲೆಲ್ಲ ನನಗೆ ನಮ್ಮ ಮುತ್ತಜ್ಜನ ನೆನಪಾಗುತ್ತದೆ.

ಆತನ ಬಗ್ಗೆ ನಮ್ಮ ಮನೆಯಲ್ಲಿ ಉಳಿದದ್ದು ಮೂರೇ ಮಾತು. ಮೊದಲ ಮಹಾಯುದ್ಧದ ಕಾಲದಲ್ಲಿ ಅಂಕೋಲೆಯ ಕಡೆಯಿಂದ ಮುಂಬಯಿಗೆ ಹೋಗಿ ‘ಮರೀನ್’ ಸೇರಿದ. ಹಡಗಿನಲ್ಲಿ ಬಸರಾಕ್ಕೆ ಹೋಗಿ ಜೀವಸಹಿತ ಮರಳಿದ. ಬರುವಾಗ ಬೆಳ್ಳಿಯ ಪದಕವೊಂದನ್ನು ತಂದ. ಆ ಪದಕವನ್ನು ಮಗಳ ಮದುವೆಗೆಂದು ಅಕ್ಕಸಾಲಿಗನಿಗೆ ಕೊಟ್ಟು ಕರಗಿಸಿದರು. ಅಂತಹ ಪದಕಗಳ ಅಂಚಿನಲ್ಲಿ ಪಡೆದವನ ಹೆಸರನ್ನೂ ಹುದ್ದೆಯನ್ನೂ ಕೊರೆಯುತ್ತಿದ್ದರೆಂಬುದು ನನಗೆ ತಿಳಿದದ್ದು ತೀರ ಈಚೆಗೆ. ಬೆಳ್ಳಿಯೊಡನೆ ಮನೆಯಲ್ಲಿದ್ದ ಏಕೈಕ ದಾಖಲೆಯೂ ಕರಗಿಹೋಗಿತ್ತು.

‘ಮರೀನ್’ ಎಂದರೆ ರಾಯಲ್ ಇಂಡಿಯನ್ ಮರೀನ್. 1892ರಲ್ಲಿ ಈ ಹೆಸರು ಪಡೆದ ಪಡೆ 1934ರಲ್ಲಿ ರಾಯಲ್ ಇಂಡಿಯನ್ ನೇವಿಯಾಗಿ, 1950ರಲ್ಲಿ ಭಾರತೀಯ ನೌಕಾಪಡೆಯಾಯಿತು. 1914ರಲ್ಲಿ ನಮ್ಮ ಈ ಊರಿನ ಹೆಸರು ಹೊತ್ತಿದ್ದ ಆರನೆಯ ಪೂನಾ ಡಿವಿಜನ್ ಮೆಸೊಪೊಟೇಮಿಯಕ್ಕೆ ಹೊರಟಿತು. 1916ರ ಏಪ್ರಿಲ್ 29ರಂದು ಕುಟ್ ಎಂಬಲ್ಲಿ ಅದು ತುರ್ಕರಿಗೆ ಶರಣಾದದ್ದು ಇತಿಹಾಸದ ಪುಸ್ತಕಗಳಲ್ಲಿದೆ. ಆದರೆ ಸೈನಿಕರನ್ನು, ಕುದುರೆಗಳನ್ನು, ಧಾನ್ಯದ ಮೂಟೆಗಳನ್ನು ಸಮುದ್ರ ದಾಟಿಸಿದವರು, ಟೈಗ್ರಿಸ್ ನದಿಯಲ್ಲಿ ದೋಣಿಗಳನ್ನು ನಡೆಸಿದವರು, ಹಡಗಿನ ಒಡಲಲ್ಲಿ ಕಲ್ಲಿದ್ದಲು ಎತ್ತಿದವರು ಯಾರು? ಅವರ ವಿಷಯದಲ್ಲಿ ಪುಸ್ತಕಗಳು ಮಿತಭಾಷಿಗಳು.

ಮುತ್ತಜ್ಜನನ್ನು ಹುಡುಕಹೊರಟ ನನಗೆ ಆತ ಸಿಕ್ಕಲಿಲ್ಲ. ಸಿಕ್ಕದಿರಲು ಕಾರಣಗಳು ಮಾತ್ರ ಸಿಕ್ಕಿದವು. 1862ರಿಂದ ಉತ್ತರ ಕನ್ನಡ ಮುಂಬಯಿ ಪ್ರಾಂತದಲ್ಲಿತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಹೀಗಾಗಿ ಅಲ್ಲಿನ ನಾವಿಕನನ್ನು ಹುಡುಕಬೇಕಾದದ್ದು ಮುಂಬಯಿಯ ಕಾಗದಪತ್ರಗಳಲ್ಲಿ. ಅಲ್ಲಿ ಊರ ಹೆಸರಿಗೆ ‘ಕರ’ ಸೇರಿಸಿ ಅಡ್ಡಹೆಸರು ಮಾಡುವುದು ರೂಢಿ. ಅಂಕೋಲೆಯವ ಅಂಕೋಲೇಕರನಾದ, ಹೊನ್ನಾವರದವ ಹೊನ್ನಾವರಕರನಾದ. ಅದರ ಮೇಲೆ ಇಂಗ್ಲಿಷ್ ಅಕ್ಷರಗಳ ಅಪಭ್ರಂಶ ಬೇರೆ. ಮನೆಯಲ್ಲಿ ಆತ ಆಡುತ್ತಿದ್ದ ಭಾಷೆಯ ಸುಳಿವು ಹೆಸರಿನಲ್ಲಿ ಉಳಿಯಲಿಲ್ಲ.

1918ರ ಸೆಪ್ಟೆಂಬರ್ 23ರಂದು ಹೈಫಾವನ್ನು ಗೆದ್ದ ಮೈಸೂರು ಲಾನ್ಸರ್ಸ್ ಪಡೆಯನ್ನು ನಾವು ಅಭಿಮಾನದಿಂದ ನೆನೆಯುತ್ತೇವೆ, ಅದು ಉಚಿತವೇ. ಆ ಪಡೆಗೆ ಮೈಸೂರಿನ ಹೆಸರಿತ್ತು, ಹಿಂದೆ ಒಬ್ಬ ಅರಸನಿದ್ದ. ಮುಂಬಯಿ ಕರ್ನಾಟಕದಿಂದ ಹೋದವನಿಗೆ ಅವೆರಡೂ ಇರಲಿಲ್ಲ. ಇಂದು ಮಹಾರಾಷ್ಟ್ರ ಅವನನ್ನು ಹುಡುಕಬೇಕಾಗಿಲ್ಲ, ಕರ್ನಾಟಕಕ್ಕೆ ಅವನು ಗೊತ್ತೇ ಇಲ್ಲ.

ಸಾಮ್ರಾಜ್ಯವಾದರೂ ನೆನೆಯಿತೇ? ಬಸರಾದ ಸ್ಮಾರಕದಲ್ಲಿ ಅಧಿಕಾರಿಗಳ ಹೆಸರುಗಳನ್ನು ಕೆತ್ತಿಸಿ, ಸಾಮಾನ್ಯ ಭಾರತೀಯ ಸಿಪಾಯಿಗಳನ್ನು ಪಲ್ಟಣಕ್ಕೆ ಇಷ್ಟು ಮಂದಿ ಎಂದು ಅಂಕಿಗಳಲ್ಲಿ ಮುಗಿಸಿದರು. ಈ ಬಗೆಯ ಅಸಮಾನತೆಗಾಗಿ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ 2021ರ ಏಪ್ರಿಲ್‌ನಲ್ಲಿ ಕ್ಷಮೆ ಕೇಳಿತು. ಶತಮಾನದ ಬಳಿಕ ಬಂದ ಕ್ಷಮೆ!

‘ಪರಕೀಯರ ಯುದ್ಧಕ್ಕೆ ಹೊಟ್ಟೆಪಾಡಿಗಾಗಿ ಹೋದವರನ್ನು ನೆನೆಯುವುದೇಕೆ?’ ಎಂದು ಮಿತ್ರರೊಬ್ಬರು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಹೊಟ್ಟೆಪಾಡಿಗಾಗಿ ಊರು ಬಿಟ್ಟವರನ್ನು ಹಳಿಯುವ ಅಧಿಕಾರ, ಪುಣೆಯಲ್ಲಿ ಮನೆ ಮಾಡಿಕೊಂಡಿರುವ ನಮಗೆ ಎಲ್ಲಿಂದ ಬಂತು? ಅವರು ನಮಗಿಂತ ಮೊದಲಿನ ಹೊರನಾಡ ಕನ್ನಡಿಗರು. ಅವರನ್ನು ವೀರರೆಂದು ಮೆರೆಸುವುದು ಬೇಡ. ಗಡಿತಂಟೆಗೆ ಸಾಕ್ಷಿಗಳಾಗಿ ಎಳೆದುತರುವುದಂತೂ ಬೇಡವೇ ಬೇಡ. ಹೋದರು, ದುಡಿದರು, ಕೆಲವರು ಮರಳಲಿಲ್ಲ ಎಂಬಷ್ಟನ್ನು ಹೆಸರುಸಹಿತ ಬರೆದಿಟ್ಟರೆ ಸಾಕು.

ಮರಳದವರ ಹಾದಿ ಹಿಡಿಯುವುದು ತುಸು ಸುಲಭ. ಮೊದಲ ಯುದ್ಧದಲ್ಲಿ ಕಡಲೇ ಸಮಾಧಿಯಾದ ಎರಡು ಸಾವಿರಕ್ಕೂ ಹೆಚ್ಚು ನಾವಿಕರ ಸ್ಮಾರಕ ಮುಂಬಯಿಯಲ್ಲಿದೆ. ಎರಡನೆಯ ಯುದ್ಧದಲ್ಲಿ ಸತ್ತ ನೌಕಾಪಡೆಯ ನಾನೂರಕ್ಕೂ ಹೆಚ್ಚು ಮಂದಿ ಹಾಗೂ ವ್ಯಾಪಾರಿ ಹಡಗುಗಳ ಸುಮಾರು ಆರು ಸಾವಿರ ಮಂದಿಯ ಸ್ಮರಣೆ ಮುಂಬಯಿ ಮತ್ತು ಚಿತ್ತಗಾಂಗ್‌ಗಳ ಹೆಸರಿನಲ್ಲಿ ಉಳಿದಿದೆ. ಆಯೋಗದ ಪಟ್ಟಿ ಯಾರಿಗಾದರೂ ತೆರೆದಿದೆ. ಕೆಲವು ಹೆಸರುಗಳ ಮುಂದೆ ತಂದೆಯ ಹೆಸರು, ಊರು, ಜಿಲ್ಲೆಗಳೂ ಇವೆ. ಮರಳಿ ಬಂದು ಮನೆಯಲ್ಲೇ ಕಣ್ಮುಚ್ಚಿದವರಿಗೆ ಆ ಪಟ್ಟಿಯಲ್ಲಿ ಸ್ಥಾನವಿಲ್ಲ. ಅವರ ದಾಖಲೆ ಇರುವುದು ನಮ್ಮ ನಿಮ್ಮ ಮನೆಯ ಟ್ರಂಕುಗಳಲ್ಲಿ.

ಪುಣೆಯ ಕನ್ನಡಿಗರಲ್ಲಿ ಬೆಳಗಾವಿ, ಧಾರವಾಡ, ವಿಜಯಪುರ, ಕಾರವಾರಗಳ ಕಡೆಯವರು ಬಹಳ. ಆದ್ದರಿಂದ ನನ್ನ ವಿನಂತಿ ಇಷ್ಟೇ: ನಮ್ಮ ಸಂಘ ಒಂದು ದಫ್ತರವನ್ನು ತೆರೆಯಲಿ. ಮನೆಯಲ್ಲಿ ಪದಕವಿದ್ದರೆ ಅಂಚನ್ನು ಓದಿ ಬರೆದುಕೊಡಿ. ಬಿಡುಗಡೆ ಪತ್ರ, ಪಿಂಚಣಿ ಪುಸ್ತಕ, ಭಾವಚಿತ್ರ ಇದ್ದರೆ ಪ್ರತಿ ತೆಗೆಸಿ. ಏನೂ ಇಲ್ಲದಿದ್ದರೆ ಮನೆಯ ಹಿರಿಯರನ್ನು ಕೂರಿಸಿ ಕೇಳಿ: ಅಜ್ಜನನ್ನು ಊರಲ್ಲಿ ಏನೆಂದು ಕರೆಯುತ್ತಿದ್ದರು, ಮುಂಬಯಿಯಲ್ಲಿ ಏನೆಂದು ಬರೆಸಿದ್ದರು? ಈ ಎರಡು ಹೆಸರುಗಳನ್ನು ಜೋಡಿಸಬಲ್ಲವರು ಮನೆಯವರು ಮಾತ್ರ. ಯಾವ ಸರ್ಕಾರದ ಕಚೇರಿಯಿಂದಲೂ ಅದು ಆಗದು.

ನಮ್ಮ ಮನೆಯಲ್ಲಿ ಅದನ್ನು ಹೇಳಬಲ್ಲವಳಾಗಿದ್ದ ಸೋದರತ್ತೆ ಈಗಿಲ್ಲ. ಆಕೆ ಇದ್ದಾಗ ನಾನು ಕೇಳಲಿಲ್ಲ. ನೀವು ಕೇಳಿ.