ಹಳೆಯ ಸಾಮಾನುಗಳ ಪುನರುಪಯೋಗವೂ ವಿಷದ ಡಬ್ಬಿಯೂ

ಒಕ್ಕಲುತನದ ಮನೆಗಳಲ್ಲಿ ಯಾವ ಸಾಮಾನನ್ನೂ ಒಂದೇ ಸಾರಿಗೆ ಎಸೆದುಬಿಡುವ ವಾಡಿಕೆ ಹಿಂದೆ ಇರಲಿಲ್ಲ. ಉಟ್ಟು ಹಳೆಯದಾದ ನೂಲಿನ ಸೀರೆಯು ಕೌದಿಯ ಪದರವಾಗುತ್ತಿದ್ದಿತು. ಕೌದಿಯು ಜೀರ್ಣವಾದ ಮೇಲೆ ಒರಸುವ ಅರಿವೆಯಾಗಿ, ಕಟ್ಟಕಡೆಗೆ ತಿಪ್ಪೆಯನ್ನು ಸೇರಿ ಹೊಲಕ್ಕೆ ಗೊಬ್ಬರವಾಗಿ ಹೋಗುತ್ತಿದ್ದಿತು. ಇದನ್ನು ಬಡತನದ ಲಕ್ಷಣವೆಂದು ತಿಳಿದು ನಾಚುವ ಯಜಮಾನರು ಈಗ ಕೆಲವರಿರುವರು. ಅವರ ನಾಚಿಕೆಗೆ ಕಾರಣವಿಲ್ಲ. ಉತ್ತರ ಕನ್ನಡ ಜಿಲ್ಲೆಯ ಸಿದ್ದಿ ಸ್ತ್ರೀಯರು ಹಳೆಯ ಬಟ್ಟೆಗಳಿಂದ ಹೊಲಿಯುವ ಕೌದಿಗಳನ್ನು ಪರದೇಶದವರು ಕೂಡ ಬೆಲೆಕೊಟ್ಟು ಕೊಳ್ಳುತ್ತಿರುವಾಗ, ತಮ್ಮ ಮನೆಯ ಅಟ್ಟದ ಮೇಲಿನ ಗಂಟನ್ನು ಕಸವೆಂದು ಬಗೆಯುವುದು ವಿವೇಕವಲ್ಲ.

ಬಾಯಿ ಒಡೆದ ನೀರಿನ ಮಡಕೆಯೂ ಹೀಗೆಯೇ. ಅದನ್ನು ಹೊಸದಾಗಿ ನೆಟ್ಟ ತೆಂಗಿನ ಇಲ್ಲವೆ ಮಾವಿನ ಸಸಿಯ ಪಕ್ಕದಲ್ಲಿ ಕಂಠದವರೆಗೆ ಹೂಳಿ, ನೀರು ತುಂಬಿ, ಹೆಂಚಿನ ಚೂರಿನಿಂದ ಮುಚ್ಚಿಟ್ಟರೆ, ನೀರು ಮಡಕೆಯ ಸೂಕ್ಷ್ಮ ರಂಧ್ರಗಳ ಮೂಲಕ ಜಿನುಗಿ ಮೆಲ್ಲಮೆಲ್ಲನೆ ಬೇರುಗಳನ್ನು ಮುಟ್ಟುವುದು. ಸುತ್ತಲಿನ ಮಣ್ಣು ಒಣಗಿದಷ್ಟೂ ಜಿನುಗು ಹೆಚ್ಚುವುದು. ತೇವವಿದ್ದಾಗ ತಾನಾಗಿಯೇ ಕಡಮೆಯಾಗುವುದು. ಇಂತಹ ಮಿತವಾದ ನೀರಾವರಿಯನ್ನು ಮೇಲೆ ಸುರಿಯುವ ಕೊಡದಿಂದ ಸಾಧಿಸಲಾಗದು. ಅಡಿಗೆಯ ಮಡಕೆ ಮಾತ್ರ ಇದಕ್ಕೆ ಸಲ್ಲದು. ಜಿಡ್ಡು ಹಿಡಿದು ಅದರ ರಂಧ್ರಗಳು ಮುಚ್ಚಿಹೋಗಿರುವುವು. ಒಲೆಯ ಬೂದಿಯನ್ನು ಮಳೆಗೆ ನೆನೆಯದಂತೆ ಕೂಡಿಟ್ಟರೆ ಅದರಲ್ಲಿನ ಪೊಟ್ಯಾಷ್ ಕರಗಿಹೋಗದೆ ಹೊಲಕ್ಕೆ ದಕ್ಕುವುದು. ಆದರೆ ಹಸಿ ಸಗಣಿ ಗಂಜಲಗಳೊಡನೆ ಅದನ್ನು ಬೆರಸತಕ್ಕುದಲ್ಲ. ಬೆರಸಿದಲ್ಲಿ ಗೊಬ್ಬರದ ಸಾರವು ಅಮೋನಿಯವಾಗಿ ಗಾಳಿಗೆ ಹಾರಿಹೋಗುವುದು. ಹರಿದ ಗೋಣಿಚೀಲವು ಮೊಳಕೆ ಕಟ್ಟುವ ಬತ್ತಕ್ಕೆ ಒದ್ದೆ ಹೊದಿಕೆಯಾಗಿ ಇನ್ನೆರಡು ವರ್ಷ ಬಾಳುವುದು.

ಈ ಪದಾರ್ಥಗಳೆಲ್ಲವೂ ಮಣ್ಣಿನಿಂದ ಬಂದವು; ಅಜಾಗ್ರತೆಯಿಂದ ಎಸೆದರೂ ಕೊಳೆತು ಅಥವಾ ಪುಡಿಯಾಗಿ ಮಣ್ಣನ್ನೇ ಸೇರುತ್ತಿದ್ದುವು. ಈಗ ಮನೆಗೆ ಬರುವ ಸಾಮಾನುಗಳ ಜಾತಿಯೇ ಬೇರೆ. ಪ್ಲಾಸ್ಟಿಕ್ ಕೈಚೀಲಗಳನ್ನು ಕರ್ನಾಟಕದಲ್ಲಿ 2016ರಲ್ಲಿಯೂ, ಒಂದೇ ಸಾರಿ ಬಳಸಿ ಬಿಸಾಡುವ ಹಲವು ಪ್ಲಾಸ್ಟಿಕ್ ವಸ್ತುಗಳನ್ನು ದೇಶದಲ್ಲೆಲ್ಲಾ 2022ರ ಜುಲೈ 1ರಿಂದಲೂ ನಿಷೇಧಿಸಿರುವುದು ಸರಿಯೆ. ನಿಷೇಧವು ಎಷ್ಟರಮಟ್ಟಿಗೆ ನಡೆದಿದೆಯೆಂಬುದನ್ನು ಯಾವ ಊರಿನ ತಿಪ್ಪೆಯನ್ನು ಕೆದಕಿದರೂ ತಿಳಿಯಬಹುದು. ಹಟ್ಟಿಯ ಹಿಂದೆ ಬಿದ್ದಿರುವ ಹಳೆಯ ಟೈರಿನಲ್ಲಿ ನಿಂತ ಮಳೆನೀರು ಡೆಂಗಿ ಜ್ವರದ ಸೊಳ್ಳೆಗಳಿಗೆ ತವರಾಗುವುದು. ಆದುದರಿಂದ ಯಾವುದನ್ನು ಉಳಿಸಬೇಕು, ಯಾವುದನ್ನು ಉಳಿಸಬಾರದು ಎಂಬ ವಿಂಗಡಣೆಯು ಹಿಂದೆಂದಿಗಿಂತಲೂ ಈಗ ಅವಶ್ಯವಾಗಿದೆ. ಅವುಗಳಲ್ಲೆಲ್ಲಾ ಕೀಟನಾಶಕದ ಬರಿದಾದ ಡಬ್ಬಿಯಷ್ಟು ಅಪಾಯಕರವಾದುದು ಮತ್ತೊಂದಿಲ್ಲ.

ಈ ಡಬ್ಬಿಯು ನೋಡಲು ಅಂದವಾಗಿರುವುದು, ಮುಚ್ಚಳ ಭದ್ರವಾಗಿರುವುದು, ಸುಲಭವಾಗಿ ಒಡೆಯದು. ಬಡವರ ಮನೆಯಲ್ಲಿ ಎಣ್ಣೆಗೋ ಕುಡಿಯುವ ನೀರಿಗೋ ಅದು ಬಲು ಅನುಕೂಲವೆಂದು ತೋರುವುದು. ಸಿಂಪಡಿಸುವ ಕೆಲಸ ಮುಗಿದ ಸಂಜೆ ಕೂಲಿಯಾಳು ಅದನ್ನು ಕೇಳುವನು. ಜಮೀನುದಾರರು ದಾನಮಾಡಿದ ಭಾವದಿಂದ ಕೊಟ್ಟುಬಿಡುವರು. ವಿಷಕ್ಕೆ ಔಷಧಿಯೆಂಬ ಹೆಸರು ರೂಢಿಗೆ ಬಂದಿರುವುದೂ ಈ ಅಜಾಗ್ರತೆಗೆ ಒಂದು ಕಾರಣವಿರಬಹುದು. ಸಾಬೂನಿನಿಂದ ಎಷ್ಟು ಸಾರಿ ತೊಳೆದರೂ ಇಂತಹ ಡಬ್ಬಿಯು ಅನ್ನಪಾನಗಳಿಗೆ ಯೋಗ್ಯವಾಗಲಾರದು. ವಿಷದ ಅಂಶವು ಪ್ಲಾಸ್ಟಿಕ್ಕಿನೊಳಕ್ಕೇ ಇಂಗಿರುವುದು. ಚೀಟಿಯ ಮೇಲಿನ ತ್ರಿಕೋನದ ಬಣ್ಣವು ಕೆಂಪು, ಹಳದಿ, ನೀಲಿ, ಹಸಿರು ಎಂದು ವಿಷದ ತೀವ್ರತೆಯನ್ನು ಕ್ರಮವಾಗಿ ಸೂಚಿಸುವುದಾದರೂ, ಹಸಿರು ಗುರುತಿನ ಡಬ್ಬಿಯನ್ನು ಕೂಡ ಅಡಿಗೆಮನೆಗೆ ಸೇರಿಸತಕ್ಕುದಲ್ಲ.

2013ರ ಜುಲೈ ತಿಂಗಳಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಒಂದು ಹಳ್ಳಿಯ ಶಾಲೆಯಲ್ಲಿ ಮಧ್ಯಾಹ್ನದ ಊಟವನ್ನು ಉಂಡ 23 ಮಕ್ಕಳು ಮೃತಪಟ್ಟರು. ಅಡಿಗೆಯ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕವು ಬೆರೆತಿದ್ದುದು ಪರೀಕ್ಷೆಯಿಂದ ಗೊತ್ತಾಯಿತು. ಆ ಎಣ್ಣೆಯನ್ನು ಹಿಂದೆ ಕೀಟನಾಶಕವಿದ್ದ ಡಬ್ಬಿಯಲ್ಲಿ ಇರಿಸಲಾಗಿತ್ತೆಂದು ಆಗ ವರದಿಯಾಯಿತು. ಹೊಲಗಳಿರುವ ಊರುಗಳಲ್ಲೆಲ್ಲಾ ಇಂತಹ ಡಬ್ಬಿಗಳಿರುವುವು. ಕರ್ನಾಟಕದ ಗ್ರಾಮಗಳೂ ಇದಕ್ಕೆ ಹೊರತಲ್ಲ.

ಬಳಸಿದ ಡಬ್ಬಿಗಳನ್ನು ಮತ್ತೆ ಉಪಯೋಗಿಸಲು ಅವಕಾಶವಾಗುವಂತೆ ಹೊರಗೆ ಬಿಡಕೂಡದೆಂದೂ, ಒಡೆದು ವಸತಿಗೆ ದೂರವಾಗಿ ಹೂಳಬೇಕೆಂದೂ 1971ರ ಕೀಟನಾಶಕ ನಿಯಮಗಳಲ್ಲಿಯೇ ವಿಧಿಸಿದೆ. ಡಬ್ಬಿಯು ಬರಿದಾದೊಡನೆ ಹೊಲದಲ್ಲಿಯೇ ಮೂರು ಸಾರಿ ನೀರು ಹಾಕಿ ಕುಲುಕಿ, ಆ ನೀರನ್ನು ಸಿಂಪಡಿಸುವ ಯಂತ್ರಕ್ಕೇ ಸುರಿಯತಕ್ಕದ್ದು. ಇದರಿಂದ ಬೆಲೆಕೊಟ್ಟ ಔಷಧಿಯೂ ನಷ್ಟವಾಗದು. ಅನಂತರ ತಳಕ್ಕೂ ಪಕ್ಕಕ್ಕೂ ತೂತುಮಾಡಿದರೆ ಅದನ್ನು ಕೇಳುವವರೇ ಇರರು. ಕೆರೆ ಬಾವಿ ಹಳ್ಳಗಳ ಸಮೀಪದಲ್ಲಿ ಹೂಳಲಾಗದು. ಸುಡುವುದೂ ತಪ್ಪು, ಅದರ ಹೊಗೆಯೇ ವಿಷ.

ಆಳುಗಳಿಗೆ ಪಾತ್ರೆಯ ಅವಶ್ಯಕತೆಯಿದೆಯಲ್ಲಾ ಎಂದು ಕೆಲವರು ಆಕ್ಷೇಪಿಸಬಹುದು. ಇರುವುದು ನಿಜವೆ. ಹಾಗಿದ್ದಲ್ಲಿ ಹೊಸ ಪಾತ್ರೆಯೊಂದನ್ನು ಕೊಂಡು ಕೊಡಲಿ; ಒಂದು ಫಸಲಿಗೆ ಸಿಂಪಡಿಸುವ ವಿಷಕ್ಕೆ ವೆಚ್ಚಮಾಡುವ ಹಣದಲ್ಲಿ ಅದರ ಬೆಲೆ ಲೆಕ್ಕಕ್ಕೆ ಬಾರದು. ಡಬ್ಬಿಗಳನ್ನು ತೂತುಮಾಡುವ ಕೆಲಸವನ್ನೂ ಆಳಿಗೆ ಒಪ್ಪಿಸಿ ಮನೆಗೆ ಹೊರಡದೆ, ಯಜಮಾನರೇ ನಿಂತು, ತಂದ ಡಬ್ಬಿಗಳೆಷ್ಟು, ತೂತಾದುವೆಷ್ಟು ಎಂದು ಎಣಿಸತಕ್ಕದ್ದು. ಗ್ರಾಮದ ಮುಖಂಡರು ಮೊದಲು ತಮ್ಮ ಹೊಲದಲ್ಲಿ ಹೀಗೆ ನಡೆದರೆ, ಪಂಚಾಯಿತಿಯ ಸಭೆಯಲ್ಲಿ ಅವರು ಆಡುವ ಮಾತಿಗೆ ಬೆಲೆ ಬರುವುದು. ರಸಗೊಬ್ಬರದ ಖಾಲಿ ಚೀಲಗಳ ವಿಷಯದಲ್ಲಿ ಇಷ್ಟು ಬಿಗಿ ಬೇಡ. ಅವುಗಳಲ್ಲಿ ತಿಪ್ಪೆಗೊಬ್ಬರವನ್ನೂ ಮಣ್ಣನ್ನೂ ಸಾಗಿಸಬಹುದು, ರಾಗಿ ಜೋಳಗಳನ್ನು ಮಾತ್ರ ತುಂಬಲಾಗದು.